ಮುಟ್ಟಬ್ಯಾಡ್ರಿ, ಮೊದಲ ನೋಡೂಣು

ಧನಕವಡಿಯ ಯಾವ ಅಂಗಡಿಯಲ್ಲಿ ಕಂಪ್ಯೂಟರ್ ಮುನಿಸಿಕೊಂಡರೂ ಕರೆ ಹೋಗುವುದು ಸಿದ್ದಾರೂಢನಿಗೇ. ಬಂದವನು ಸಂತೆಯಲ್ಲಿ ಎತ್ತು ಕೊಳ್ಳಲು ನಿಂತ ಹಿರಿಯನಂತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಪರದೆಯನ್ನೇ ದಿಟ್ಟಿಸುತ್ತಾನೆ. "ಮುಟ್ಟಬ್ಯಾಡ್ರಿ, ಮೊದಲ ನೋಡೂಣು" ಎಂಬ ಅವನ ಮಾತು ಅಲ್ಲಿನ ಮರಾಠಿ ಅಂಗಡಿಯವರಿಗೂ ಬಾಯಿಪಾಠ. ಮೌಸನ್ನು ಕೂಡ ಗಿರಾಕಿಯೇ ಆಡಿಸಬೇಕು. ಇವನು ಬರೀ ನೋಡುತ್ತಾನೆ. ಡಿಸ್ಕಿನಲ್ಲಿ ಜಾಗ ಎಷ್ಟು ಉಳಿದಿದೆ, ಯಾವ ಪ್ರೋಗ್ರಾಂ ಸದ್ದಿಲ್ಲದೆ ಮೆಮೊರಿ ತಿನ್ನುತ್ತಿದೆ, ಎರಡು ಆಂಟಿವೈರಸ್‌ಗಳು ಸವತಿಯರಂತೆ ಒಂದೇ ಮಷೀನಿನೊಳಗೆ ಕಾದಾಡುತ್ತಿವೆಯೇ ಎಂದು. "ನಿನ್ನೆ ಹೊಸಾದು ಏನು ಹಾಕೀರಿ?" ಎಂದು ಅವನು ಕೇಳಿದರೆ ಎಂಥ ಗಿರಾಕಿಯೂ ಮಗನ ಗೇಮಿನ ಸಿಡಿ ಹಾಕಿದ್ದನ್ನು ಒಪ್ಪಿಕೊಳ್ಳುತ್ತಾನೆ. ಅವಸರದವರು ಯಾರಾದರೂ ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿಬಿಡು ಎಂದರೆ ಮಾತ್ರ ಸಿಡಿದೇಳುತ್ತಾನೆ: "ಕೆಮ್ಮು ಬಂತಂತ ಮನಶ್ಯಾನ್ನ ಸುಡಗಾಡಿಗೆ ಒಯ್ತೀರೇನ್ರಿ?" ನೋಡುವುದು ಮುಗಿದ ಮೇಲೆ ಅವನು ಮುಟ್ಟಿದನೆಂದರೆ ಮಷೀನು ಎದ್ದು ಕೂತಿತೆಂದೇ ಲೆಕ್ಕ. ಆದರೆ ಮನೆಯಲ್ಲಿ ಹೆಂಡತಿ ಕಲ್ಲವ್ವ "ರೀ, ನನಗ ಯಾಕೋ..." ಎಂದು ಬಾಯಿ ತೆರೆಯುವಷ್ಟರಲ್ಲಿ ಇವನ ಕೈ ಗುಳಿಗೆಯ ಡಬ್ಬಿಯಲ್ಲಿರುತ್ತದೆ. ತಲೆಶೂಲೆಗೆ ಒಂದು, ನಿದ್ದೆ ಬರದಿದ್ದರೆ ಇನ್ನೊಂದು. ಮೊನ್ನೆ ಅವಳು ಆ ಕೈಯನ್ನು ಹಿಡಿದು ನಿಲ್ಲಿಸಿ, "ಡಬ್ಬಿ ಮುಟ್ಟಬ್ಯಾಡ್ರಿ, ಮೊದಲ ನನ್ನ ನೋಡ್ರಿ" ಎಂದಳು. ಸಿದ್ದಾರೂಢ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೆಂಡತಿಯ ಮುಖ ನೋಡಿದ. ನೋಡುವುದು ಬಹಳ ಬಾಕಿ ಇತ್ತು.