ಸಿಡಿಯಲ್ಲಿ ಬಾರದ ಮಳೆ

ಮೊದಲ ಹಾಡು ಶುರುವಾಯಿತು, ಮಳೆ ಬರಲಿಲ್ಲ. ಸಿಡಿ ಪ್ಲೇಯರಿನ ದನಿ ಏರಿಸಿದೆ. ಆಗಲೂ ಇಲ್ಲ. ಚಿಕ್ಕವಳಿದ್ದಾಗ ಕ್ಯಾಸೆಟ್ಟು ಸವೆಯುವಷ್ಟು ಕೇಳಿದ್ದ ಪಾಪ್ ಆಲ್ಬಮ್ ಅದು. ಹಾಡುಗಳ ಹಿಂದೆ ಉದ್ದಕ್ಕೂ ಸಣ್ಣಗೆ ಮಳೆ ಸುರಿಯುತ್ತಿತ್ತು. ಈಗ ಅದರ ಸಿಡಿಯನ್ನು ಚಿಂತಾಮಣಿಯಲ್ಲಿ ಹುಡುಕಿ ಕೊಂಡು, ಸಾದಲಿಯ ತವರಿಗೆ ತಂದಿದ್ದೆ.

"ಮಳೆನೇ ತೆಗೆದುಬಿಟ್ಟಿದಾರೆ ನೋಡಮ್ಮ," ಎಂದೆ.

ಅಮ್ಮ ಅವರೆಕಾಯಿ ಸುಲಿಯುತ್ತಲೇ ಹೇಳಿದಳು: "ಮಳೆ ಎಲ್ಲಿತ್ತಮ್ಮ ಅದ್ರಲ್ಲಿ? ನಿಮ್ಮಣ್ಣ ಯಾರದೋ ಕ್ಯಾಸೆಟ್ಟು ತಂದು, ಎರಡು ಟೇಪ್‌ರೆಕಾರ್ಡರ್ ಎದುರುಬದುರು ಇಟ್ಟು ನಿಂಗೆ ರೆಕಾರ್ಡ್ ಮಾಡಿಕೊಟ್ಟ. ಗಲಾಟೆ ಇರಲ್ಲ ಅಂತ ಹುಳದ ಮನೇಲಿ ಬಾಗಿಲು ಹಾಕ್ಕೊಂಡು ಮಾಡಿದ್ದ. ಅದು ಹುಳ ಸೊಪ್ಪು ತಿನ್ನೋ ಸದ್ದು ಕಣೇ."

ಬಲಿತ ರೇಷ್ಮೆಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವಾಗ ತುಂತುರು ಮಳೆಯಂತೆಯೇ ಕೇಳಿಸುತ್ತದೆ. ದಿನವೂ ಕೇಳಿ ಬೆಳೆದ ಸದ್ದು, ಹಾಡಿನೊಳಗೆ ಸೇರಿದ್ದಕ್ಕೆ ನನಗೆ ಗುರುತೇ ಸಿಕ್ಕಿರಲಿಲ್ಲ.

ಆ ಕ್ಯಾಸೆಟ್ಟು ಈಗಿಲ್ಲ. ನಮ್ಮ ಮನೆಯಲ್ಲಿ ಹುಳು ಸಾಕುವುದನ್ನೂ ಬಿಟ್ಟಾಗಿದೆ. ಸಿಡಿಯಲ್ಲಿ ಪ್ರತಿ ವಾದ್ಯವೂ ಬಿಡಿಬಿಡಿಯಾಗಿ, ಸ್ವಚ್ಛವಾಗಿ ಕೇಳಿಸುತ್ತದೆ. ನನ್ನ ಕಿವಿ ಮಾತ್ರ ಹಾಡಿನ ಹಿಂದೆ ಆ ಹಸಿದ ಹುಳುಗಳಿಗಾಗಿ ಕಾಯುತ್ತಿರುತ್ತದೆ.