ಚೊಂಬಿನ ಅಂಗಡಿಯ ಕೋದಂಡಪ್ಪ

ಬೌರಿಂಗ್‌ಪೇಟೆಗೆ ಇನ್ನೂ ಬಂಗಾರಪೇಟೆ ಎಂಬ ಹೆಸರು ಬಂದಿರದ ದಿನಗಳಲ್ಲಿ ಅಲ್ಲಿಯ ರೈಲ್ವೆ ಸ್ಟೇಷನ್ನಿನ ಎದುರಿಗೆ ಒಂದು ಅಂಗಡಿ ಇತ್ತು. ಸ್ಟೇಷನ್ನಿಗಿಂತ ಎರಡು ಅಡಿ ಎತ್ತರ. ಅಳೆಸಿ ನೋಡಿಯೇ ಕಟ್ಟಿಸಿದ್ದರಂತೆ. ಹೆಸರು ಚೆಂಗಲ್ವರಾಯ ಅಂಡ್ ಬ್ರದರ್ಸ್. ಬ್ರದರ್ಸ್ ಎಂದರೆ ಇಬ್ಬರು ತಮ್ಮಂದಿರು. ಅಣ್ಣನೊಡನೆ ಅವರಿಗೆ ಮಾತಿರಲಿಲ್ಲ, ಅವರವರಲ್ಲಿಯೂ ಇರಲಿಲ್ಲ. ಮೂವರೂ ಒಟ್ಟಿಗಿದ್ದುದು ಬೋರ್ಡಿನ ಮೇಲೆ ಮಾತ್ರ.

ಕೋಲಾರದ ಚಿನ್ನದ ಗಣಿಗೆ ರೈಲು ಬಂದ ವರ್ಷ ಶುರುವಾದ ಈ ಅಂಗಡಿ ರಾಬರ್ಟ್‌ಸನ್‌ಪೇಟೆಗೂ ಮಾರಿಕುಪ್ಪಂಗೂ ಕೊಂಬೆ ಚಾಚಿತ್ತು. ಸೂಜಿ ಬೇಕೆಂದರೆ ಸೂಜಿ, ಗ್ರಾಮಫೋನು ಬೇಕೆಂದರೆ ಗ್ರಾಮಫೋನು. ಮೊಳೆ, ಲಾಂದ್ರ, ಕೊಡೆ, ಬಿಸ್ಕತ್ತು, ದೊರೆಗಳ ಟೋಪಿ, ಎಲ್ಲ ಒಂದೇ ಸೂರಿನ ಕೆಳಗೆ. ಆದರೆ ಸುತ್ತಲ ಹಳ್ಳಿಯ ಹೆಂಗಸರಿಗೆ ಚೆಂಗಲ್ವರಾಯರೂ ಗೊತ್ತಿರಲಿಲ್ಲ, ಬ್ರದರ್ಸೂ ಗೊತ್ತಿರಲಿಲ್ಲ. ಅವರ ಬಾಯಲ್ಲಿ ಅದು ‘ಚೊಂಬಿನ ಅಂಗಡಿ’.

ಆ ಹೆಸರು ತಂದವನು ಸೀರೆ ಮಾರುವ ಕೋದಂಡಪ್ಪ. ಸಣಕಲು ಆಳು, ಸೀರೆ ಬಿಚ್ಚುವ ಮುಂಚೆ ಒಂದು ಸಣ್ಣ ಕೆಮ್ಮು. ಅವನ ಉದ್ದ ಮೇಜಿನ ಮೇಲೆ ಹಿತ್ತಾಳೆಯ ಚೊಂಬಿನಲ್ಲಿ ನೀರು ಇರುತ್ತಿತ್ತು. ಯಾವ ಹೆಂಗಸು ಯಾವ ಸೀರೆಯನ್ನು ಮೆಚ್ಚಿದರೂ ಅವನು ಅದರ ಅಂಚನ್ನು ಚೊಂಬಿನಲ್ಲಿ ಅದ್ದಿ, ಹಿಂಡಿ, ತನ್ನ ಹೆಗಲ ಮೇಲಿನ ಬಿಳಿ ವಲ್ಲಿಗೆ ಮೂರು ಸಲ ಉಜ್ಜಿ, ವಲ್ಲಿಯನ್ನು ಅವಳ ಕಣ್ಣ ಮುಂದೆ ಹಿಡಿಯುತ್ತಿದ್ದ. ಬಾಯಲ್ಲಿ ಒಂದು ಮಾತೂ ಇಲ್ಲ. ವಲ್ಲಿ ಬೆಳ್ಳಗೇ ಇರುತ್ತಿತ್ತು. ವ್ಯಾಪಾರ ಮುಗಿಯಿತು. ಇದನ್ನು ನೋಡಿ ಉಳಿದ ಎರಡು ಅಂಗಡಿಗಳಲ್ಲೂ ಚೊಂಬು ಇಟ್ಟರು. ರಾಬರ್ಟ್‌ಸನ್‌ಪೇಟೆಯಲ್ಲಿ ಪೆರುಮಾಳ್ ಎಂಬಾತ ಉಜ್ಜುತ್ತಿದ್ದ.

ಇಪ್ಪತ್ತೆರಡು ವರ್ಷ ಆ ವಲ್ಲಿಗೆ ಕಲೆ ಬಿದ್ದಿರಲಿಲ್ಲ. ಅದನ್ನು ಅಂಟುವಾಳ ಹಾಕಿ ದಿನವೂ ಒಗೆಯುತ್ತಿದ್ದ ಅವನ ಹೆಂಡತಿ ವೆಂಕಟರತ್ನಮ್ಮ, “ನಿಮ್ ಅಂಗ್ಡಿ ಮಾನ ನನ್ನ ಬಟ್ಟೆ ಒಗೆಯೋ ಬಂಡೆ ಮ್ಯಾಲದೆ, ತಿಳ್ಕೊಳ್ಳಿ” ಎನ್ನುತ್ತಿದ್ದಳು. ಕೋದಂಡಪ್ಪ ತಿಳಿದುಕೊಂಡೇ ಇದ್ದ.

ಆಮೇಲೆ ಯುದ್ಧ ಬಂತು. ಯುದ್ಧ ನಡೆಯುತ್ತಿದ್ದುದು ಯೂರೋಪಿನಲ್ಲಿ. ಸೀರೆಯ ಬಣ್ಣ ಬರುತ್ತಿದ್ದುದು ಜರ್ಮನಿಯಿಂದ. ಇವೆರಡಕ್ಕೂ ತಮಗೂ ಸಂಬಂಧ ಇದೆಯೆಂದು ಬೌರಿಂಗ್‌ಪೇಟೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಜರ್ಮನಿಯ ಬಣ್ಣ ನಿಂತು, ಎಲ್ಲಿಯದೋ ಬಣ್ಣ ಹಾಕಿದ ಸೀರೆಗಳು ಹಳೆಯ ಚೀಟಿಯನ್ನೇ ಅಂಟಿಸಿಕೊಂಡು ಬಂದವು. ಒಂದು ಮಧ್ಯಾಹ್ನ ಕೋದಂಡಪ್ಪ ಒಂದು ಕೆಂಪು ಸೀರೆಯ ಅಂಚನ್ನು ಉಜ್ಜಿದ. ವಲ್ಲಿಯ ಮೇಲೆ ಬೆರಳುದ್ದ ಗುಲಾಬಿ ಗೆರೆ ಮೂಡಿತು. ಎದುರಿಗಿದ್ದ ಹೆಂಗಸು ಗೆರೆ ನೋಡಿದಳು, ಅವನನ್ನು ನೋಡಿದಳು, ಎದ್ದು ಹೋದಳು. ಇಬ್ಬರಿಗೂ ನಾಚಿಕೆಯಾಗಿತ್ತು.

ಕೋದಂಡಪ್ಪ ವಲ್ಲಿ ಹಿಡಿದು ಮ್ಯಾನೇಜರ ಹತ್ತಿರ ಹೋದ.

ಮೂರು ಅಂಗಡಿಗೂ ಮ್ಯಾನೇಜರು ಜಯರಾಮಪ್ಪನವರು. ಅವರ ಮೇಜಿನ ಮೇಲೆ ಮದರಾಸಿನಿಂದ ತರಿಸಿದ, ಒತ್ತಿದರೆ ಬಾರಿಸುವ ಗಂಟೆ. ನಾಲ್ಕು ಮಾರು ದೂರದಲ್ಲಿ ನಿಂತವರನ್ನೂ ಗಂಟೆ ಒತ್ತಿಯೇ ಕರೆಯುವರು. ಒತ್ತಿದ ಮೇಲೆ ಹೆಸರು ಹಿಡಿದು ಕೂಗುವರು; ಏಕೆಂದರೆ ಗಂಟೆ ಯಾರಿಗೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

“ಸ್ವಾಮಿ, ಬಣ್ಣ ಬಿಡ್ತದೆ.”

“ಯಾವುದು?”

“ಕೆಂಪು. ಊದಾನೂ ಅಷ್ಟೇನೇ. ನೋಡಿ.”

ಜಯರಾಮಪ್ಪನವರು ವಲ್ಲಿಯನ್ನು ನೋಡಲಿಲ್ಲ. “ನೀರು ಯಾವುದಪ್ಪಾ?” ಎಂದರು.

“ನೀರಾ? ಇತ್ಲು ಬಾವೀದು.”

“ಅಲ್ಲಿದೆ ನೋಡು ವಿಷಯ. ಬಾವಿ ನೀರಿನಲ್ಲಿ ಏನೇನೋ ಅಂಶ ಇರ್ತದೆ. ರಾಬರ್ಟ್‌ಸನ್‌ಪೇಟೆಯಲ್ಲಿ ಬೇತಮಂಗಲದ ಕೊಳಾಯಿ ನೀರು. ಅಲ್ಲಿಂದ ದೂರು ಬಂದಿದೆಯೇ?”

“ಪೆರುಮಾಳ್ ವಲ್ಲಿ ಕಾಮನಬಿಲ್ಲು ಆಗೋಗದಂತೆ ಸ್ವಾಮಿ.” ಕೋದಂಡಪ್ಪ ಒಂದು ಸಲ ಕೆಮ್ಮಿದ. “ಇದು ಯುದ್ಧದ ಕಾಲದ ಸರಕು, ಬಣ್ಣ ನಿಲ್ಲಲ್ಲ, ಬೇಕಿದ್ರೆ ತಕ್ಕೊಳ್ಳಿ ಅಂತ ಏಳಿಬಿಡೋಣ. ಜನ ತಕ್ಕೊಂತಾರೆ.”

“ಏನು? ಇಪ್ಪತ್ತೆರಡು ವರ್ಷ ಸಂಪಾದಿಸಿದ ಹೆಸರು!”

“ಅದಕ್ಕೇ ಸ್ವಾಮಿ ಏಳ್ತಿರೋದು.”

ಜಯರಾಮಪ್ಪನವರು ಯೋಚಿಸಿದರು. ಯೋಚಿಸುವಾಗ ಅವರು ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೂರುತ್ತಿದ್ದರು. ಆಮೇಲೆ ತೀರ್ಪು ಬಂತು: “ತೊಂದರೆ ಬಣ್ಣದಲ್ಲಿಲ್ಲ ಕೋದಂಡಪ್ಪ. ಚೊಂಬಿನಲ್ಲಿದೆ.”

ಮರುದಿನವೇ ಮೂರು ಅಂಗಡಿಗಳಿಂದಲೂ ಚೊಂಬು ಎದ್ದಿತು. ಅದರ ಜಾಗಕ್ಕೆ ‘ನಮ್ಮ ಬಣ್ಣಗಳು ಶಾಶ್ವತ’ ಎಂಬ ಬೋರ್ಡು ಬಂತು. ಕನ್ನಡ, ತಮಿಳು, ತೆಲುಗು, ಇಂಗ್ಲಿಷು, ನಾಲ್ಕು ಭಾಷೆಯಲ್ಲಿ. ಸೀರೆ ಉಡದ ದೊರೆಗಳ ಭಾಷೆಯ ಅಕ್ಷರಗಳೇ ಎಲ್ಲಕ್ಕಿಂತ ದೊಡ್ಡವು. ಕೋದಂಡಪ್ಪನ ಚೊಂಬು ಜಯರಾಮಪ್ಪನವರ ಮೇಜು ಸೇರಿ ಸೇವಂತಿಗೆ ಹೂವು ಇಟ್ಟುಕೊಳ್ಳುವ ಕೆಲಸಕ್ಕೆ ನಿಂತಿತು. ಸೀರೆಗಳ ಮುಂದೆ ಚೊಂಬಿಲ್ಲದೆ ನಿಂತ ಕೋದಂಡಪ್ಪನಿಗೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಕ್ಯಾಸಂಬಳ್ಳಿಯಿಂದ ಮುನಿಶಾಮಮ್ಮ ಬಂದಳು. ಬೆಣ್ಣೆ ಮಾರುವವಳು. ತಾನು ಮದುವಣಗಿತ್ತಿಯಾಗಿದ್ದಾಗ ಉಟ್ಟ ಸೀರೆಯಿಂದ ಹಿಡಿದು ಪ್ರತಿ ಯುಗಾದಿಯ ಸೀರೆಯನ್ನೂ ಕೋದಂಡಪ್ಪನ ಕೈಯಿಂದಲೇ ತೆಗೆದುಕೊಂಡವಳು. ಈಗ ಮಗಳು ಮುತ್ಯಾಲಮ್ಮನ ಮದುವೆ. ಧಾರೆಗೆ ಕೆಂಪು ಸೀರೆ ಬೇಕು. ಆರಿಸಿದಳು. ಮೇಜಿನ ಮೇಲೆ ಕಣ್ಣಾಡಿಸಿದಳು.

“ಚೊಂಬೆಲ್ಲಣ್ಣಾ?”

“ತೆಗ್ದವ್ರೆ ಅಕ್ಕಾ. ಈಗ ಬೋರ್ಡು.”

“ಬೋರ್ಡು ನನ್ ಜೊತೆ ಮಾತಾಡ್ತದಾ? ನೀನೇಳು. ಬಣ್ಣ ನಿಲ್ತದಾ?”

ನಾಲ್ಕು ಮಾರು ದೂರದಲ್ಲಿ ಜಯರಾಮಪ್ಪನವರ ಬೆರಳು ಗಂಟೆಯ ಮೇಲಿತ್ತು. ಕೋದಂಡಪ್ಪ ಕೆಮ್ಮಿದ. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ, ನಡುವೆ ಎಲ್ಲೋ ನಿಲ್ಲುವಂತೆ ತಲೆ ಆಡಿಸಬೇಕೆಂದುಕೊಂಡ. ಇಪ್ಪತ್ತೆರಡು ವರ್ಷದ ಅಭ್ಯಾಸ. ತಲೆ ಹೌದೆಂದೇ ಆಡಿತು.

“ನೀನೇಳಿದ್ಮ್ಯಾಲೆ ಮುಗೀತು ಬಿಡು” ಎಂದು ಮುನಿಶಾಮಮ್ಮ ಸೀರೆಯನ್ನು ಮಡಿಲಿಗೆ ಹಾಕಿಕೊಂಡಳು.

ಧಾರೆ ಎಂದರೆ ನೀರು. ಕ್ಯಾಸಂಬಳ್ಳಿಯ ನೆಂಟರು ಊಟಕ್ಕೂ ಧಾರೆಗೂ ಹಿಂದೆ ಬೀಳುವವರಲ್ಲ. ಒಬ್ಬೊಬ್ಬರೂ ಬಂದು ಗಂಡುಹೆಣ್ಣಿನ ಕೈ ಮೇಲೆ ಹಾಲು ನೀರು ಹುಯ್ದರು. ನೂರೈವತ್ತು ಜನ ಹುಯ್ಯುವ ಹೊತ್ತಿಗೆ ಮುತ್ಯಾಲಮ್ಮನ ಸೀರೆಯ ಕೆಂಪು ಇಳಿದು ಇಳಿದು, ಸೆರಗಿನ ಗಂಟು ಹಾಕಿದ್ದ ಮದುಮಗನ ಬಿಳಿ ಪಂಚೆಗೆ ಹರಿದು ಮೊಣಕಾಲಿನವರೆಗೂ ಮುಟ್ಟಿತ್ತು. ಗಂಡಿನ ಕಡೆಯ ಮುದುಕಿಯೊಬ್ಬಳು, “ಇದೇನಮ್ಮಾ, ಧಾರೇನಾ, ಇಲ್ಲಾ ಮಾರೀಗೆ ಕುರಿ ಕಡಿದ್ರಾ?” ಎಂದಳು. ನಕ್ಕವರು ನಕ್ಕರು. ಮುತ್ಯಾಲಮ್ಮ ತಲೆ ಎತ್ತಲೇ ಇಲ್ಲ. ಅವಳು ಅಳುತ್ತಿರುವುದು ತವರು ಬಿಡುವ ದುಃಖಕ್ಕೆ ಎಂದು ಗಂಡಿನವರು ತಿಳಿದರು. ಅಲ್ಲವೆಂದು ತಾಯಿಗೆ ಗೊತ್ತಿತ್ತು.

ಮರುವಾರ ಮುನಿಶಾಮಮ್ಮ ಸೀರೆಯನ್ನೂ ಪಂಚೆಯನ್ನೂ ಗಂಟು ಕಟ್ಟಿಕೊಂಡು ಬಂದು ಜಯರಾಮಪ್ಪನವರ ಮೇಜಿನ ಮೇಲೆ ಬಿಚ್ಚಿದಳು.

“ಒಗೆದ ಬಟ್ಟೆ ವಾಪಸು ತೆಗೆದುಕೊಳ್ಳುವ ಪದ್ಧತಿ ಇಲ್ಲ” ಎಂದರು ಅವರು.

“ಒಗೆದಿಲ್ಲ ಸ್ವಾಮಿ. ಧಾರೆ ಎರೆದಿದ್ದು.”

“ನೀರು ಬಿತ್ತಲ್ಲ? ಒಗೆದ ಹಾಗೆಯೇ.”

“ಅಂಗಾದ್ರೆ ನಿಮ್ ಮದ್ವೇಲಿ ನಿಮ್ಮುನ್ನೂ ಒಗೆದಿದ್ರಾ ಸ್ವಾಮಿ?”

ಮೊಳೆ ಕೊಳ್ಳಲು ಬಂದವನಿಂದ ಹಿಡಿದು ಗ್ರಾಮಫೋನು ಸುಮ್ಮನೆ ನೋಡಲು ಬಂದವನವರೆಗೆ ಅಂಗಡಿಯೆಲ್ಲ ನಕ್ಕಿತು. ಜಯರಾಮಪ್ಪನವರು ಗಂಟೆ ಒತ್ತಿದರು. ಯಾರಿಗೆಂದು ಅವರಿಗೂ ತಿಳಿದಿರಲಿಲ್ಲ, ಯಾರೂ ಬರಲಿಲ್ಲ.

ಮುನಿಶಾಮಮ್ಮ ಕೋದಂಡಪ್ಪನ ಹತ್ತಿರ ಬಂದಳು. ಅವಳು ಬೈದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು.

“ನಾನು ಬೋರ್ಡು ನೋಡಿ ತಕ್ಕೊಳ್ಲಿಲ್ಲ ಕಣಣ್ಣಾ. ನೀನು ತಲೆ ಆಡ್ಸಿದ್ದು ನೋಡಿ ತಕ್ಕೊಂಡೆ.”

ಕೋದಂಡಪ್ಪ, “ಪಂಚೆ ಬಿಟ್ಟೋಗು ಅಕ್ಕಾ” ಎಂದ.

ವೆಂಕಟರತ್ನಮ್ಮ ಆ ಪಂಚೆಯನ್ನು ಎಂಟು ದಿನ ಒಗೆದಳು. ಅಂಟುವಾಳ, ಚೌಳು ಮಣ್ಣು, ನಿಂಬೆಹಣ್ಣು, ಸೆಗಣಿ ನೀರು, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಬಂಡೆಯ ಮೇಲೆ ಕೂತುಬಿಟ್ಟಳು. “ಸೀರೆ ಮ್ಯಾಲೆ ಒಂದು ಗಳಿಗೆ ನಿಲ್ಲದ ಬಣ್ಣ ಪಂಚೆ ಮ್ಯಾಲೆ ಎಂಗೆ ಕುಂತದೆ ನೋಡಿ. ನಿಮ್ ಬೋರ್ಡು ಸುಳ್ಳೇನಲ್ಲ. ಶಾಶ್ವತಾನೇ!”

ಕೋದಂಡಪ್ಪ ನಗಲಿಲ್ಲ. ಅವಳೇ ದನಿ ಇಳಿಸಿ ಕೇಳಿದಳು. “ಯಾಕೆ ತಲೆ ಆಡ್ಸಿದ್ರಿ?”

“ಕೆಲ್ಸ ಓಗ್ತಿತ್ತಲ್ಲೇ.”

“ಈಗ ಉಳೀತಲ್ಲಾ. ನಿದ್ದೆ ಬತ್ತದಾ?”

ಅವನು ತಾನು ಹಬ್ಬಕ್ಕೆಂದು ಎತ್ತಿಟ್ಟಿದ್ದ ಹೊಸ ಪಂಚೆ ತೆಗೆದುಕೊಂಡು ಕ್ಯಾಸಂಬಳ್ಳಿಗೆ ನಡೆದು ಹೋದ. ಮುನಿಶಾಮಮ್ಮ ಪಂಚೆ ತೆಗೆದುಕೊಂಡಳು. ಮಜ್ಜಿಗೆ ಕೊಟ್ಟಳು. ಎಮ್ಮೆಯ ವಿಷಯ ಮಾತಾಡಿದಳು, ರಾಗಿಯ ವಿಷಯ ಮಾತಾಡಿದಳು. ಸೀರೆ ಎಂಬ ಶಬ್ದ ಅವಳ ಬಾಯಿಂದ ಬರಲಿಲ್ಲ. “ಅಂಗ್ಡಿ ಕಡೆ ಬಾ ಅಕ್ಕಾ” ಎನ್ನುವ ಧೈರ್ಯ ಇವನಿಗೂ ಬರಲಿಲ್ಲ.

ಧಾರೆಯ ಸುದ್ದಿ ಬೌರಿಂಗ್‌ಪೇಟೆಯಲ್ಲಿ ಬೆಳಗಿನ ರೈಲು ಹತ್ತಿ, ಟಿಕೇಟಿಲ್ಲದೆ ಮಾರಿಕುಪ್ಪಂ ತಲುಪಿತು. ಸಂದೇಹವೆಂಬುದು ಸೀರೆಯ ಬಣ್ಣದಂಥದೇ. ಎಲ್ಲಿ ತಾಗಿತೋ ಅಲ್ಲೆಲ್ಲ ಹತ್ತುತ್ತದೆ. ಹೆಂಗಸರು ಬಿಸ್ಕತ್ತಿನ ಡಬ್ಬಿ ತೆಗೆಸಿ ಮೂಸಿ ನೋಡತೊಡಗಿದರು. ಗಣಿಯ ಕೂಲಿಯೊಬ್ಬ ಕೊಡೆಯ ಮೇಲೆ ನೀರು ಸುರಿದು ತೋರಿಸು ಎಂದು ಹಟ ಹಿಡಿದ. ಜಯರಾಮಪ್ಪನವರು ಬೋರ್ಡನ್ನು ಇನ್ನೂ ದೊಡ್ಡದು ಮಾಡಿಸಿದರು. ಅವರ ಮನೆಯಾಕೆಯೇ ಗೌರಿಹಬ್ಬದ ಸೀರೆಯನ್ನು ಕೋಲಾರದಿಂದ ತರಿಸಿಕೊಂಡರೆಂದು ಆಳುಗಳು ಆಡಿಕೊಂಡರು.

ಇತ್ತ ಕೋದಂಡಪ್ಪ, ಆ ಗುಲಾಬಿ ಗೆರೆ ಬಿದ್ದ ವಲ್ಲಿಯನ್ನೇ ಹಾಕಿಕೊಂಡು ಅಂಗಡಿಗೆ ಬರತೊಡಗಿದ. “ಒಗೀಬ್ಯಾಡ, ಇರ್ಲಿ” ಎಂದು ಹೆಂಡತಿಗೆ ಹೇಳಿದ್ದ. ದಿನಾ ಬೆಳಿಗ್ಗೆ ಅಂಗಡಿಯ ಹಿತ್ತಲ ಬಾವಿಕಟ್ಟೆಯಲ್ಲಿ ಒಂದೊಂದು ಸೀರೆಯ ಅಂಚು ಉಜ್ಜಿ ಬರುವನು. ಕೆಂಪು, ಊದಾ, ಹಸಿರು, ಒಂದರ ಪಕ್ಕ ಒಂದು ಗೆರೆ. ಬಾಯಲ್ಲಿ ಮಾತಿಲ್ಲ. ಓದು ಬಾರದ ಹೆಂಗಸರು ಅವನ ಹೆಗಲನ್ನು ಓದಿಕೊಂಡು ಹೋಗುತ್ತಿದ್ದರು. ತಿಂಗಳಾದ ಮೇಲೆ ಇದು ಜಯರಾಮಪ್ಪನವರಿಗೆ ಹೊಳೆಯಿತು. ಅವನನ್ನು ಮೊಳೆ, ಬೋಲ್ಟುಗಳ ಕಡೆಗೆ ವರ್ಗ ಮಾಡಿದರು. ಮೊಳೆ ಬಣ್ಣ ಬಿಡುವುದಿಲ್ಲವಷ್ಟೆ.

ಮುಂದೆ ನಾಲ್ಕು ವರ್ಷದೊಳಗೆ ಮೂರು ಅಂಗಡಿಗಳೂ ಮುಚ್ಚಿದವು. ಯುದ್ಧದಿಂದ ಎಂದರು ಜಯರಾಮಪ್ಪನವರು. ತಮ್ಮಂದಿರಿಂದ ಎಂದ ಅಣ್ಣ. ಅಣ್ಣನಿಂದ ಎಂದರು ತಮ್ಮಂದಿರು. ಆದರೆ ನಾನು ಹೇಳಬೇಕಾದದ್ದು ಅದಕ್ಕೂ ಮುಂಚಿನ ಒಂದು ದಿನದ ವಿಷಯ.

ಮುತ್ಯಾಲಮ್ಮನ ಮದುವೆಯಾಗಿ ವರ್ಷ ಕಳೆದಿತ್ತು. ಕೋದಂಡಪ್ಪ ಮೊಳೆಗಳ ನಡುವೆ ಕೂತಿದ್ದ. ಮುನಿಶಾಮಮ್ಮ ಒಳಗೆ ಬಂದಳು. ಕೈಯಲ್ಲಿ ಬೆಣ್ಣೆಯ ಚೊಂಬು. ಬೆಣ್ಣೆ ಮಾರಿ, ತೊಳೆದು, ನೀರು ತುಂಬಿಕೊಂಡು ಬಂದಿದ್ದಳು.

“ಮುತ್ಯಾಲು ಹೆತ್ತವ್ಳೆ. ಎಣ್ಣು ಮಗ. ಬಾಣಂತಿಗೊಂದು ಸೀರೆ ಬೇಕು. ಏಳು ಮ್ಯಾಕೆ.”

“ನಾನೀಗ ಮೊಳೆ ಕಡೆ ಅಕ್ಕಾ.”

“ಬಾಣಂತಿ ಮೊಳೆ ಉಡ್ತಾಳಾ? ಏಳಣ್ಣಾ!”

ಅವಳು ಸೀರೆಯ ಮೇಜಿನ ಮೇಲೆ ಚೊಂಬನ್ನು ಠಣ್ಣೆಂದು ಇಟ್ಟಳು. ಜಯರಾಮಪ್ಪನವರ ಬೆರಳು ಗಂಟೆಯ ಮೇಲೆ ಬಂದು ಕೂತಿತು. ಕೋದಂಡಪ್ಪ ಎದ್ದು ಬಂದು ಒಂದು ಕೆಂಪು ಸೀರೆ ತೆಗೆದ. ಅಂಚು ಅದ್ದಿದ, ಹಿಂಡಿದ, ವಲ್ಲಿಯಲ್ಲಿ ಉಳಿದಿದ್ದ ಬಿಳಿಯ ಜಾಗ ಹುಡುಕಿ ಮೂರು ಸಲ ಉಜ್ಜಿದ. ಈ ಸಲ ಕೆಮ್ಮಲಿಲ್ಲ.

“ಬ್ಯಾಡ ಅಕ್ಕಾ. ಬಣ್ಣ ನಿಲ್ಲಲ್ಲ.”

“ಆ ಅಸಿರು?”

“ಅದೂ ಬ್ಯಾಡ.”

ಐದು ಸೀರೆ ಆಯಿತು. ಐದಕ್ಕೂ ಬೇಡವೆಂದ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸುವಂತೆ. ಕೊನೆಗೆ ಅವಳೇ ಮೂಲೆಯಲ್ಲಿದ್ದ ಬಿಳಿ ಮಲ್ಲು ಬಟ್ಟೆಯ ಥಾನು ತೋರಿಸಿದಳು.

“ಅದು?”

“ಅದು ಚಂದಾಗದೆ. ಮೆತ್ತಗದೆ. ಅದ್ರಾಗೆ ಬಣ್ಣಾನೇ ಇಲ್ಲವಲ್ಲ, ಬಿಡೋಕೆ.”

“ಅಂಗಾದ್ರೆ ಮಗೂಗೆ ಎರಡು ಗಜ ಅರಿ.”

ಅವನು ಅಳೆದ, ಮಗುವಿಗೆಂದು ನಾಲ್ಕು ಬೆರಳು ಮುಂದಕ್ಕೆ ಹಿಡಿದು ಹರಿದ. ಆಗ ಗಂಟೆ ಬಾರಿಸಿತು. ಜಯರಾಮಪ್ಪನವರು ಹೆಸರು ಕೂಗಲಿಲ್ಲ. ಆ ಅಂಗಡಿಯ ಚರಿತ್ರೆಯಲ್ಲಿ ಮೊದಲನೆಯ ಸಲ ಗಂಟೆ ಯಾರಿಗೆಂದು ಎಲ್ಲರಿಗೂ ತಿಳಿದಿತ್ತು.

ಮುನಿಶಾಮಮ್ಮ ಬಟ್ಟೆಯನ್ನು ಸೆರಗಿಗೆ ಕಟ್ಟಿಕೊಂಡಳು. “ನಾಳೆ ಮ್ಯಾಲೆ ಇಲ್ಲೇ ಇರ್ತೀಯಾ ಅಣ್ಣಾ?”

“ಗೊತ್ತಿಲ್ಲ ಅಕ್ಕಾ.”

“ಸರಿ. ಎಲ್ಲಿದ್ರೆ ಅಲ್ಲಿಗೇ ಬತ್ತೀನಿ ಬಿಡು.” ಬಾಗಿಲವರೆಗೆ ಹೋದವಳು ಹಿಂದಿರುಗಿ ನೋಡಿ, “ಚೊಂಬು ಇಟ್ಕೋ” ಎಂದಳು.

ಗಂಟೆ ಇನ್ನೊಂದು ಸಲ ಬಾರಿಸಿತು. ಕೋದಂಡಪ್ಪ ಬಿಚ್ಚಿಹಾಕಿದ್ದ ಐದು ಸೀರೆಗಳನ್ನೂ ಅಂಚಿಗೆ ಅಂಚು ಕೂಡಿಸಿ ಮಡಿಚಿಟ್ಟ. ಚೊಂಬಿನಲ್ಲಿ ಉಳಿದಿದ್ದ ನೀರನ್ನು ಮೆಟ್ಟಿಲ ಪಕ್ಕದ ಗಿಡಕ್ಕೆ ಹುಯ್ದು ಬಂದ. ಆಮೇಲೆ, ಖಾಲಿ ಚೊಂಬನ್ನು ಕಂಕುಳಲ್ಲಿ ಇಟ್ಟುಕೊಂಡು, ಮ್ಯಾನೇಜರ ಕಡೆ ನಡೆದ.