ಕಾಂಚಳಿಯ ನಾಲ್ಕಾಣೆ

ಹೊಸ ಹುಣಸೆಹಣ್ಣು ಬಂದ ದಿನ ನಮ್ಮ ಹಿತ್ತಲಿಗೆ ಒಂದು ವಾಸನೆ ಬರುತ್ತದೆ. ಹುಳಿ ಅನ್ನುವ ಹಾಗಿಲ್ಲ, ಸಿಹಿ ಅನ್ನುವ ಹಾಗೂ ಇಲ್ಲ. ಬೆಲ್ಲ ತುಂಬಿದ್ದ ಗೋಣಿಯನ್ನು ಬಿಸಿಲಿಗೆ ಹಾಕಿದರೆ ಬರುತ್ತದಲ್ಲ, ಹಾಗೆ. ಈ ವರ್ಷವೂ ಬಂತು. ತಾಂಡಾದಿಂದ ಮೂವರು ಹೆಣ್ಣುಮಕ್ಕಳು ಬಂದು ಬೆಳಗಿನಿಂದ ಕುಳಿತು ಕುಟ್ಟಿದರು. ಬೀಜ ಒಂದು ಕಡೆ, ನಾರು ಒಂದು ಕಡೆ ಮಾಡಿದರು. ಬಿಸಿಲು ಇಳಿದ ಮೇಲೆ ಕೈ ತೊಳೆದುಕೊಂಡು ಅವರಲ್ಲಿ ಒಬ್ಬಳು ಫೋನನ್ನು ಮುಂದೆ ಹಿಡಿದಳು. ನನ್ನ ಮಗಳು ಗೌರಿ ತನ್ನ ಫೋನನ್ನು ಅದರ ಎದುರಿಗೆ ಹಿಡಿದಳು. ಎರಡೂ ಫೋನುಗಳು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡವು. ಕೂಲಿ ತೀರಿತು. ನನ್ನ ಕೈಯಿಂದ ಏನೂ ಹೋಗಲಿಲ್ಲ, ಅವರ ಕೈಗೆ ಏನೂ ಬೀಳಲಿಲ್ಲ.

ಅಡುಗೆಗೆ ಉಪ್ಪು ಹಾಕುವುದು ಮರೆತಾಗ ಉಣ್ಣುವವರ ಮುಖ ಹೇಗಾಗುತ್ತದೋ ಹಾಗೆ ನನಗೆ ಬೆಳಗಿನಿಂದ ಏನೋ ಸಪ್ಪೆ ಅನ್ನಿಸುತ್ತಿತ್ತು. ಏನೆಂದು ಆಗ ಹೊಳೆಯಿತು. ಕುಟ್ಟುವ ಸದ್ದಿನ ಜೊತೆಗೆ ಕೇಳಬೇಕಾದ ಇನ್ನೊಂದು ಸದ್ದು ಇರಲಿಲ್ಲ. ಹೇಮ್ಲಿಬಾಯಿಯ ಕಾಂಚಳಿಯ ಸದ್ದು.

ಹೇಮ್ಲಿ ಯಾರೆಂದು ಹೇಳುತ್ತೇನೆ, ಇಲ್ಲೇ ಕಟ್ಟೆಯ ಮೇಲೆ ಕುಳಿತುಕೊಳ್ಳಿ. ನಾನು ಹಿರೇಹಡಗಲಿಯ ಮಗಳು; ಮದುವೆಯಾಗಿ ಬಂದದ್ದು ಇಲ್ಲಿಗೆ, ಚಿಗಟೇರಿಗೆ ಹೋಗುವ ಬಸ್ಸು ನಿಂತು ಹೋಗುವ ಈ ಊರಿಗೆ. ನಮ್ಮವರದು ಕಿರಾಣಿ ಅಂಗಡಿ, ಸುಗ್ಗಿಯಲ್ಲಿ ಸ್ವಲ್ಪ ಹುಣಸೆಹಣ್ಣಿನ ವ್ಯಾಪಾರ. ನಾನು ಬರುವುದಕ್ಕಿಂತ ಮೊದಲಿನಿಂದಲೂ ಹುಣಸೆ ಬಿಡಿಸಲು ಈ ಮನೆಗೆ ಬರುತ್ತಿದ್ದವಳು ಲಂಬಾಣಿ ತಾಂಡಾದ ಹೇಮ್ಲಿ. ಅವಳಿಗಿಂತ ಮುಂಚೆ ಅವಳ ಸದ್ದು ಓಣಿಯ ತಿರುವಿನಲ್ಲಿ ಬರುತ್ತಿತ್ತು. ಅವಳ ಕುಪ್ಪಸಕ್ಕೆ, ಅವರ ಮಾತಿನಲ್ಲಿ ಕಾಂಚಳಿಗೆ, ತೋಳಿನ ತುಂಬ ನಾಣ್ಯಗಳನ್ನು ಹೊಲಿದಿದ್ದಳು. ರಾಜನ ತಲೆ ಇದ್ದದ್ದು, ನಡುವೆ ತೂತಿದ್ದ ಕಾಸು, ಅಂಚು ಹೂವಿನ ಹಾಗೆ ಕೊರೆದಿದ್ದ ಹತ್ತು ಪೈಸೆ. ಯಾವ ಸರಕಾರ ಹೋದರೂ ಯಾವುದು ಬಂದರೂ ಅವಳ ತೋಳಿನ ಮೇಲೆ ಎಲ್ಲವೂ ಚಲಾವಣೆಯಲ್ಲಿದ್ದವು. ನಾನು ಶಾಲೆಯಲ್ಲಿ ಇತಿಹಾಸಕ್ಕೆ ಕಷ್ಟಪಟ್ಟು ಪಾಸಾದವಳು. ಕಲಿತದ್ದೇನಾದರೂ ಇದ್ದರೆ ಆ ತೋಳನ್ನು ನೋಡಿಯೇ.

ಅವಳಿಗೆ ಕೂಲಿ ಅಂದರೆ ಜೋಳ, ಮೇಲೆ ಬಿಡಿಸಿದ ಹುಣಸೆಬೀಜ. ದುಡ್ಡು ಕೊಟ್ಟರೆ ತಿರುಗಿಸಿ ತಿರುಗಿಸಿ ನೋಡಿ, "ಇದನ್ನ ತಿನ್ನಾಕ ಬರ್ತತೇನ್ ಅಂಗಡ್ಯವ್ವಾ?" ಅನ್ನುತ್ತಿದ್ದಳು. ಚಂದದ ನಾಣ್ಯವಾದರೆ ಮಾತ್ರ ಇಟ್ಟುಕೊಳ್ಳುತ್ತಿದ್ದಳು, ಖರ್ಚಿಗಲ್ಲ.

ಈಗ ನಾಲ್ಕಾಣೆಯ ವಿಷಯಕ್ಕೆ ಬರಬೇಕು. ನಮ್ಮ ಕಡೆ ದೇವರಿಗೆ ಮುಡಿಪು ಕಟ್ಟುವುದು ಸವಾ ರೂಪಾಯಿ. ಒಂದು ರೂಪಾಯಿ, ಮೇಲೊಂದು ನಾಲ್ಕಾಣೆ, ಅರಿಸಿನದ ಬಟ್ಟೆಯಲ್ಲಿ ಗಂಟು. ಬೇಡಿಕೊಂಡದ್ದು ಆದಮೇಲೆ ಆ ಗಂಟನ್ನು ಒಯ್ದು ಗುಡಿಯ ಹುಂಡಿಗೆ ಹಾಕುವುದು. ನಮ್ಮ ಊರಮ್ಮನಿಗೆ ಸವಾ ರೂಪಾಯಿ, ಕುರುಬರ ಬೀರಪ್ಪನಿಗೆ ಸವಾ ರೂಪಾಯಿ, ಬಳೆಗಾರ ಖಾಸಿಂಸಾಬರು ನಡೆದುಕೊಳ್ಳುವ ದರ್ಗಾಕ್ಕೆ ಸವಾ ರೂಪಾಯಿ, ತಾಂಡಾದ ಮರಿಯಮ್ಮನಿಗೂ ಅದೇ. ಉಣ್ಣುವುದರಲ್ಲಿ ಉಡುವುದರಲ್ಲಿ ಒಬ್ಬರಂತೆ ಒಬ್ಬರಿಲ್ಲದ ಈ ಊರಿನಲ್ಲಿ ಎಲ್ಲ ದೇವರುಗಳೂ ಈ ಒಂದು ಲೆಕ್ಕಕ್ಕೆ ಒಪ್ಪಿದ್ದು ಹೇಗೋ ನನಗೆ ತಿಳಿಯದು. ಎರಡು ರೂಪಾಯಿ ಯಾಕೆ ಆಗಬಾರದು ಎಂದು ಹೊಸದರಲ್ಲಿ ನಾನು ಅತ್ತೆಯನ್ನು ಕೇಳಿದ್ದೆ.

"ತುಂಬಿದ ರೂಪಾಯಿ ಕೊಟ್ರ ದೇವ್ರು ಲೆಕ್ಕ ಮುಗೀತು ಅಂತಾಳ. ಮ್ಯಾಲೆ ಕಾಲು ಇತ್ತಂದ್ರ ಇನ್ನೂ ಐತಿ ಅಂತ ಹೊಳ್ಳಿ ನೋಡ್ತಾಳ," ಅಂದರು.

ಆದರೆ ಅತ್ತೆಗೆ ಯಾವುದೋ ನಾಲ್ಕಾಣೆ ನಡೆಯುತ್ತಿರಲಿಲ್ಲ. ಬೆನ್ನ ಮೇಲೆ ಪ್ರಾಣಿಯ ಚಿತ್ರವಿದ್ದ ಸಣ್ಣ ಉಕ್ಕಿನ ಬಿಲ್ಲೆ ನೆನಪಿದೆಯೇ? ಅದೇ ಬೇಕು. ಕಣ್ಣು ಮಂಜಾಗಿದ್ದ ಅತ್ತೆ ಆ ಪ್ರಾಣಿಯನ್ನು ಬಸವಣ್ಣ ಎಂದು ನಂಬಿದ್ದರು. ಸರಕಾರದವರು ಕೊನೆಗೂ ಶಿವನ ವಾಹನವನ್ನು ದುಡ್ಡಿನ ಮೇಲೆ ಹಾಕಿದರಲ್ಲ ಎಂದು ಅವರಿಗೆ ಸಂತೋಷ. ಸಿಕ್ಕ ನಾಲ್ಕಾಣೆಗಳನ್ನೆಲ್ಲ ತೊಳೆದು ವಿಭೂತಿ ಹಚ್ಚಿ ಗೋಡೆಯಲ್ಲಿನ ದೇವರ ಮಾಡದಲ್ಲಿ ಇಡುತ್ತಿದ್ದರು. ಬಳೆ ತರುತ್ತಿದ್ದ ಖಾಸಿಂಸಾಬರು ಒಮ್ಮೆ ನೋಡಿ, ಇದು ಗೇಂಡಾಮೃಗ, ಅಸ್ಸಾಮಿನ ಕಾಡಿನದು ಎಂದು ತಿದ್ದಲು ಹೋದರು. ಅತ್ತೆ ಕೈಗೆ ಬಳೆ ಹಾಕಿಸಿಕೊಳ್ಳುತ್ತಲೇ, ಕೊಂಬು ಕಾಣುವುದಿಲ್ಲವೇ ಎಂದು ಗದರಿದರು. ಖಾಸಿಂಸಾಬರು ನಕ್ಕುಬಿಟ್ಟರು. "ಆತ್ ಬಿಡ್ರಿ ಅವ್ವಾರ. ನಿಮ್ಮ ಮನ್ಯಾಗಿದ್ದಾಗ ಬಸವಣ್ಣ, ನನ್ನ ಜೇಬಿಗೆ ಬಂದಾಗ ಗೇಂಡಾ." ಹುಣಸೆ ರಾಶಿಯ ಮೇಲಿಂದ ಹೇಮ್ಲಿ ಅಂದಳು, "ಇಬ್ರಿಗೂ ಕಣ್ಣಿಲ್ಲ. ಅದು ಎಮ್ಮಿ." ತೋಳು ಎತ್ತಿ ತನ್ನ ಕಾಂಚಳಿಯಲ್ಲಿದ್ದ ಅಂಥದೇ ಒಂದನ್ನು ತೋರಿಸಿದಳು. ಅಷ್ಟು ಹಳೆಯ ನಾಣ್ಯಗಳ ನಡುವೆ ಅದೊಂದೇ ಹೊಸದು, ಮೊಣಕೈಯ ಮೇಲೆ.

ಗೌರಿಗೆ ನಾಲ್ಕು ತುಂಬುತ್ತ ಬಂದರೂ ಮಾತು ಬರಲಿಲ್ಲ. ಕೇಳುತ್ತಿದ್ದಳು, ನಗುತ್ತಿದ್ದಳು, ಬೇಕಾದದ್ದಕ್ಕೆ ಬೆರಳು ತೋರುತ್ತಿದ್ದಳು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ದಾವಣಗೆರೆಯ ಡಾಕ್ಟರು ಕೆಲವು ಮಕ್ಕಳಿಗೆ ತಡ, ಕಾಯಿರಿ ಎಂದರು. ತಾಯಿಗೆ ಕಾಯಿರಿ ಅನ್ನುವುದು ಸುಲಭವೇ? ನಾನು ಊರಮ್ಮನಿಗೆ ಮುಡಿಪು ಕಟ್ಟುತ್ತೇನೆಂದು ಹರಸಿಕೊಂಡೆ. ಮರುದಿನ ತಲೆಗೆ ನೀರು ಹಾಕಿಕೊಂಡು ಬಂದು ಮಾಡಕ್ಕೆ ಕೈ ಹಾಕಿದರೆ ನಾಲ್ಕಾಣೆಗಳೇ ಇಲ್ಲ.

ಅದು ಸರಕಾರ ನಾಲ್ಕಾಣೆಯನ್ನು ನಿಲ್ಲಿಸಿದ ಕಾಲ. ನಮ್ಮವರು ವ್ಯಾಪಾರಸ್ಥರು, ಗಡುವಿನೊಳಗೆ ಅಂಗಡಿಯ ಗಲ್ಲಾದ ಜೊತೆಗೆ ದೇವರ ಮಾಡವನ್ನೂ ಗುಡಿಸಿ ಬ್ಯಾಂಕಿಗೆ ಕಟ್ಟಿ ಬಂದಿದ್ದರು. ವಿಭೂತಿ ಹತ್ತಿದ್ದನ್ನು ಒರೆಸಿ ಕೊಟ್ಟರಂತೆ. ಅತ್ತೆ ಮಗನನ್ನು ಬಯ್ಯಲಿಲ್ಲ, ಬಸವಣ್ಣನನ್ನು ಬ್ಯಾಂಕಿಗೆ ಅಟ್ಟಿದೆಯಲ್ಲಪ್ಪ ಎಂದು ಅತ್ತರು. ಓಣಿಯಲ್ಲಿ ಕೇಳಿದೆ, ಗುಡಿಯಲ್ಲಿ ಕೇಳಿದೆ. ತೆಲಿಗಿಯಲ್ಲಿದ್ದ ನಾದಿನಿಗೆ ಫೋನು ಮಾಡಿಸಿದೆ. ಎಲ್ಲರೂ ನಮ್ಮವರಷ್ಟೇ ಜಾಣರಾಗಿದ್ದರು.

ಹುಣಸೆ ಬಿಡಿಸುತ್ತಿದ್ದ ಹೇಮ್ಲಿ ಇದನ್ನೆಲ್ಲ ಕೇಳುತ್ತ ಕುಳಿತಿದ್ದಳು. ಮಧ್ಯಾಹ್ನ ರೊಟ್ಟಿ ತಿಂದು ಎದ್ದವಳು ಗೌರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಕುಡುಗೋಲಿನ ತುದಿಯನ್ನು ಮೊಣಕೈ ಮೇಲಿನ ದಾರಕ್ಕೆ ಹಾಕಿ ಎಳೆದಳು. ನಾಣ್ಯ ಬಿಚ್ಚಿ ಬಂತು. ಅದನ್ನು ಮಗುವಿನ ಮುಖದ ಮುಂದೆ ಹಿಡಿದು, "ನೋಡು, ಎಮ್ಮಿ. ಅನ್ನು, ಎಮ್ಮಿ," ಅಂದಳು. ಗೌರಿ ನಕ್ಕಳು. ನಾಣ್ಯ ನನ್ನ ಕೈಗೆ ಬಂತು.

ತೂತು ಬಿದ್ದ ನಾಣ್ಯ ದೇವರಿಗೆ ಆದೀತೇ ಎಂದು ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಅದನ್ನು ಬೆರಳಿನಿಂದ ತಡವಿ ನೋಡಿದರು. "ಮೂಗುದಾರ ಹಾಕಾಕ ತೂತು ಬೇಕಲ್ಲವಾ ಬಸವಣ್ಣಗ," ಅಂದರು. ಬದಲಿಗೆ ಏನು ಕೊಡಲಿ ಎಂದು ಕೇಳಿದೆ. ಹೇಮ್ಲಿ, ಕೂಸು ಮಾತಾಡಲಿ ಎಂದಷ್ಟೇ ಹೇಳಿ ರಾಶಿಯ ಕಡೆ ತಿರುಗಿದಳು. ಆ ದಿನ ಒಂದು ಸೇರು ಜೋಳ ಹೆಚ್ಚಿಗೆ ಹಾಕಿದೆ. ಅವಳು ಅದನ್ನು ತಿರುಗಿ ನಮ್ಮ ಚೀಲಕ್ಕೇ ಸುರಿದು ಹೋದಳು.

ಮಳೆಗಾಲ ಕಳೆದು ಒಂದು ಮುಂಜಾನೆ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಗೌರಿ ಓಣಿಯಲ್ಲಿ ಹೋಗುತ್ತಿದ್ದ ಎಮ್ಮೆಯನ್ನು ನೋಡಿ ಸ್ಪಷ್ಟವಾಗಿ, "ಎಮ್ಮಿ," ಅಂದಳು. ಅವ್ವ ಅನ್ನಲಿಲ್ಲ, ಅಪ್ಪ ಅನ್ನಲಿಲ್ಲ. ಹಿಟ್ಟು ಹತ್ತಿದ ಕೈಯಲ್ಲೇ ಮಾಡದಿಂದ ಗಂಟು ತೆಗೆದು, ಅವಳನ್ನು ಎತ್ತಿಕೊಂಡು ಊರಮ್ಮನ ಗುಡಿಗೆ ಓಡಿದೆ. ಮುಡಿಪು ಹುಂಡಿಗೆ ಬಿತ್ತು. ಅತ್ತೆ ಅಮ್ಮನ ಕೃಪೆ ಎಂದರು. ನಾನೂ ಹಾಗೆಯೇ ನಂಬಿದವಳು. ಆದರೆ ದೀಪ ಹಚ್ಚುವಾಗ ಆ ಕೃಪೆಯಲ್ಲಿ ಹೇಮ್ಲಿಯದೂ ಒಂದು ಪಾಲು ಎಂದು ಅಮ್ಮನಿಗೇ ಹೇಳಿಬಿಟ್ಟೆ.

ಅಂದು ಬಿಟ್ಟ ಬಾಯನ್ನು ಗೌರಿ ಇನ್ನೂ ಮುಚ್ಚಿಲ್ಲ. ಈಗ ಹರಪನಹಳ್ಳಿಯ ಕಾಲೇಜಿಗೆ ಹೋಗುತ್ತಾಳೆ. ಬಸ್ಸು ಇಳಿಯುವ ಮೊದಲೇ ಅವಳ ದನಿ ಮನೆ ಮುಟ್ಟುತ್ತದೆ. ಮೊನ್ನೆ ಗುಡಿಯಲ್ಲಿ ನಾನು ಸವಾ ರೂಪಾಯಿ ಹೋಯಿತಲ್ಲ ಎಂದು ಹಳೆಯ ರಾಗ ತೆಗೆದಾಗ, ಹುಂಡಿಗೆ ಅಂಟಿಸಿದ ಚೌಕಕ್ಕೆ ಫೋನು ಹಿಡಿದು, ಹೋಗಿಲ್ಲ ನೋಡು ಎಂದಳು. ಮೂಲೆಯ ಡಬ್ಬಿ ಗುಡಿಗೆಲ್ಲ ಕೇಳುವಂತೆ ಒಂದು ರೂಪಾಯಿ ಇಪ್ಪತ್ತೈದು ಪೈಸೆ ಬಂದಿದೆ ಎಂದು ಕೂಗಿತು. ಪೂಜಾರಿ ತಿರುಗಿ ನೋಡಿದ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದೆ. ಕೊಟ್ಟದ್ದು ಸರಿಯೇ ಇರಬಹುದು, ಆದರೆ ಗಂಟು ಕಟ್ಟುವುದು ಎಲ್ಲಿ?

ಇಷ್ಟೆಲ್ಲ ಆದರೂ ಹೇಮ್ಲಿಯ ಮೊಣಕೈ ಮೇಲಿನ ಖಾಲಿ ಜಾಗ ನನ್ನ ಕಣ್ಣಿಗೆ ಚುಚ್ಚುತ್ತಲೇ ಇತ್ತು. ಕಡಿದ ದಾರದ ತುಣುಕುಗಳು ಅಲ್ಲೇ ಜೋಲುತ್ತಿದ್ದವು. ಮೊಮ್ಮಗಳು ಕವಿತಾಳ ಮದುವೆಗೆ ಈ ಕಾಂಚಳಿಯನ್ನೇ ತೊಡಿಸುತ್ತೇನೆ ಎಂದು ಅವಳು ಆಗಾಗ ಹೇಳುತ್ತಿದ್ದಳು. ಅಷ್ಟರೊಳಗೆ ಆ ಜಾಗ ತುಂಬಬೇಕೆಂದು ನನಗೆ ಆಸೆ. ಅತ್ತೆ ಶಿವನ ಪಾದ ಸೇರಿದ ಮೇಲೆ ಅವರ ಎಲೆಅಡಿಕೆ ಚೀಲ ಒಗೆಯಲು ತೆಗೆದಾಗ, ಸುಣ್ಣದ ಡಬ್ಬಿಯ ಕೆಳಗೆ ಅಂಟಿಕೊಂಡು ಒಂದು ನಾಲ್ಕಾಣೆ ಸಿಕ್ಕಿತು. ಅದೇ ಪ್ರಾಣಿಯದು. ಮಗನ ಕಣ್ಣು ತಪ್ಪಿಸಿ ಒಬ್ಬ ಬಸವಣ್ಣ ಉಳಿದಿದ್ದ! ಅಕ್ಕಸಾಲಿಗನ ಹತ್ತಿರ ಚಂದವಾಗಿ ತೂತು ಹಾಕಿಸಿ, ಹೋದ ವರ್ಷದ ಸುಗ್ಗಿ ಮುಗಿಯುವಾಗ ಹೇಮ್ಲಿಗೆ ಕೊಟ್ಟೆ. ಅವಳು ಅಂಗೈಯಲ್ಲಿಟ್ಟುಕೊಂಡು ನೋಡಿ, "ಇದೂ ಎಮ್ಮೀನೇ," ಎಂದು ನಕ್ಕಳು. ಸೊಂಟದ ಚೀಲಕ್ಕೆ ಹಾಕಿಕೊಂಡಳು. ನನ್ನ ಎದೆ ಹಗುರಾಯಿತು. ಆಮೇಲೆ ಅವಳಿಗೆ ಮಂಡಿನೋವು ಬಂದು ಇತ್ತ ಬರುವುದು ನಿಂತಿತು. ಹೋದ ಮಳೆಗಾಲದಲ್ಲಿ ತೀರಿಕೊಂಡಳು. ತಾಂಡಾಕ್ಕೆ ಹೋಗಿ ಮುಖ ನೋಡಿ ಬಂದೆ. ಸೀರೆ ಉಡಿಸಿದ್ದರು. ಕಾಂಚಳಿಯನ್ನು ಕೇಳುವ ಹೊತ್ತು ಅದಾಗಿರಲಿಲ್ಲ.

ಮೊದಲಿಗೆ ಹೇಳಿದೆನಲ್ಲ, ಕೂಲಿಗೆ ಫೋನು ಮುಂದೆ ಹಿಡಿದ ಹುಡುಗಿ, ಅವಳೇ ಕವಿತಾ. ದುಡ್ಡು ಬಂದಮೇಲೂ ನಿಂತೇ ಇದ್ದಳು. ಬರುವ ತಿಂಗಳು ಮದುವೆ, ಬರಬೇಕು ಎಂದಳು. ಆಮೇಲೆ ಫೋನಿನ ಹಿಂದಿನ ಕವರನ್ನು ಉಗುರಿನಿಂದ ಎಬ್ಬಿಸಿ ಒಳಗಿನಿಂದ ಏನೋ ತೆಗೆದು ನನ್ನ ಮುಂದೆ ಹಿಡಿದಳು. ಅದೇ ನಾಲ್ಕಾಣೆ.

"ಇದು ನಿಮ್ದಂತ. ಅಜ್ಜಿ ಚೀಲದಾಗಿತ್ತು. ನಮ್ಮವ್ವ ಕೊಟ್ಟು ಬಾ ಅಂದ್ಲು."

"ನಿಮ್ಮಜ್ಜಿಗೇ ಕೊಟ್ಟಿದ್ದವ್ವ ಅದು. ಕಾಂಚಳಿಗೆ ಹಚ್ಚಿಕೊಳ್ಳಲಿ ಅಂತ. ಯಾಕ ಹಚ್ಚಲಿಲ್ಲ?"

ಕವಿತಾ ಒಂದು ಗಳಿಗೆ ಗೌರಿಯ ಕಡೆ ನೋಡಿದಳು. "ನಮ್ಮವ್ವ ಹಚ್ಚಾಕ ಹೋಗಿದ್ಲು. ಅಜ್ಜಿ ಬಿಡಲಿಲ್ಲಂತ. ಮೊದ್ಲ ಆ ಜಾಗದಾಗ ಇದ್ದದ್ದು ಅಜ್ಜ ಕೊಟ್ಟಿದ್ದು. ಮಂಡ್ಯದ ಕಡಿಗೆ ಕಬ್ಬು ಕಡಿಯಾಕ ಹೋದಾಗ ಮೊದಲನೇ ಬಟವಾಡ್ಯಾಗ ಬಂದಿತ್ತಂತ. ಅವನೇ ಮೊಳಿ ಬಡದು ತೂತು ಮಾಡಿದ್ನಂತ. ಮುಂದಿನ ವರ್ಸ ಹೋದಾಂವ ಹೊಳ್ಳಿ ಬರಲಿಲ್ಲ. ಅಲ್ಲೇ ತೀರಿಹೋಗ್ಯಾನ."

ಗೌರಿ ಕವಿತಾಳ ಪಕ್ಕಕ್ಕೆ ಬಂದು ನಾಣ್ಯವನ್ನು ಬಗ್ಗಿ ನೋಡಿದಳು.

ನಮಗೊಂದು ಮಾತು ಹೇಳಬಾರದಿತ್ತೇ ನಿಮ್ಮಜ್ಜಿ, ಬೇರೆ ಎಲ್ಲಾದರೂ ಹುಡುಕುತ್ತಿದ್ದೆವಲ್ಲ, ಎಂದೆ.

"ಹೇಳಿದ್ರ ನೀವು ಇಸಗೊಂತಿದ್ದಿಲ್ಲಂತ," ಎಂದಳು ಕವಿತಾ. "ಮದುವಿ ದಿನ ನಾನು ಅದನ್ನ ಹಾಕ್ಕೊಂತೀನಿ ಅಂಗಡ್ಯವ್ವಾ. ಆ ಜಾಗ ಹಂಗೇ ಇರ್ಲಿ ಅಂದಾಳ ಅಜ್ಜಿ."

ನಾಣ್ಯವೆಂದರೆ ಒಂದು ನಾಲ್ಕಾಣೆಗೆ ಇನ್ನೊಂದು ನಾಲ್ಕಾಣೆ ಸಮ. ಅಂಗಡಿಯ ಮನೆಯಲ್ಲಿ ಇಷ್ಟು ವರ್ಷ ಬಾಳಿದವಳಿಗೆ ಅದು ಗೊತ್ತು. ಎದೆ ಹಗುರಾಯಿತು ಎಂದುಕೊಂಡೆನಲ್ಲ, ಅದೂ ಆ ಲೆಕ್ಕದಲ್ಲೇ. ಹೇಮ್ಲಿ ಕೊಟ್ಟದ್ದು ಹುಂಡಿಯಿಂದ ಯಾವ ಗುಜರಿಗೆ ಹೋಗಿ, ಕರಗಿ, ಏನಾಗಿದೆಯೋ. ನನ್ನದನ್ನು ಅವಳು ಬೇಡ ಎನ್ನಲೂ ಇಲ್ಲ, ಅದರ ಜಾಗದಲ್ಲಿ ಕೂರಿಸಲೂ ಇಲ್ಲ. ನನ್ನ ಮನಸ್ಸು ನೋಯಬಾರದೆಂದು ನಕ್ಕು ಚೀಲಕ್ಕೆ ಹಾಕಿಕೊಂಡಳು.

ಸಂಜೆ ದೀಪ ಹಚ್ಚುವಾಗ ಆ ದಿನದ ಒಂದು ಒಳ್ಳೆಯದನ್ನು ದೇವರ ಮುಂದೆ ಹೇಳುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ನಮ್ಮವರ ಕೆಮ್ಮು ಕಡಿಮೆಯಾಯಿತು, ಅಂಥ ಸಣ್ಣ ಸಣ್ಣವೇ. ಆ ಸಂಜೆ ಅದನ್ನು ಹೇಳುವ ಬದಲು ಕವಿತಾಳನ್ನು ಕೂರಿಸಿಕೊಂಡೆ. ಆರತಿ ತಟ್ಟೆಯಿಂದ ಒಂದು ರೂಪಾಯಿ ತೆಗೆದುಕೊಂಡು, ಮೇಲೆ ಆ ನಾಲ್ಕಾಣೆ ಇಟ್ಟೆ. ಈ ಹುಡುಗಿಯನ್ನು ಕಟ್ಟಿಕೊಂಡವನು ಎಷ್ಟು ದೂರ ದುಡಿಯಲು ಹೋದರೂ ಹೊಳ್ಳಿ ಮನೆಗೆ ಬರಲಿ ಎಂದು ಹರಸಿಕೊಂಡು ಅರಿಸಿನದ ಬಟ್ಟೆಯನ್ನು ಮಡಿಚಿದೆ. ಯಾವ ದೇವರಿಗೆ ಎಂದು ಗೌರಿ ಮೆಲ್ಲಗೆ ಕೇಳಿದಳು. ಊರಮ್ಮ, ಮರಿಯಮ್ಮ ಇಬ್ಬರೂ ಕೇಳಿಸಿಕೊಳ್ಳಲಿ ಎಂದೆ.

ಗಂಟು ಬಿಗಿಯುವಾಗ ಬಟ್ಟೆಯೊಳಗಿನಿಂದ ಹೆಬ್ಬೆರಳಿಗೆ ಏನೋ ತಾಗಿತು. ಅಕ್ಕಸಾಲಿಗನಿಂದ ನಾನು ಹಾಕಿಸಿದ್ದ ತೂತು. ಒಂದು ದಿನವೂ ಒಂದು ದಾರ ಅದರೊಳಗೆ ಹಾದಿರಲಿಲ್ಲ.